ಲಂಡನ್ ಹೀಥ್ರೂ – ಪ್ಯಾರಿಸ್ ಚಾರ್ಲ್ಸ್ ಡಿ ಗಾಲ್: ವಾಯುದೂರ ಮತ್ತು ಹಾರಾಟದ ಅವಧಿ

ಲಂಡನ್ನಿನ ಹೀಥ್ರೂ ಮತ್ತು ಪ್ಯಾರಿಸ್ಸಿನ ಚಾರ್ಲ್ಸ್ ಡಿ ಗಾಲ್ ವಿಮಾನ ನಿಲ್ದಾಣಗಳ ನಡುವಣ ನೇರ ವಾಯುದೂರ ಸುಮಾರು 347 ಕಿಲೊಮೀಟರ್. ಈ ದೂರವನ್ನು ಕ್ರಮಿಸುವ ಜೆಟ್ ವಿಮಾನವು ಆಕಾಶದಲ್ಲಿ ಸಾಮಾನ್ಯವಾಗಿ 45ರಿಂದ 55 ನಿಮಿಷ ಇರುತ್ತದೆ. ವಿಮಾನಯಾನ ಸಂಸ್ಥೆಗಳ ವೇಳಾಪಟ್ಟಿಯಲ್ಲಿ ಇದೇ ಪ್ರಯಾಣದ ಅವಧಿ ಒಂದೂಕಾಲು ಗಂಟೆಯ ಆಸುಪಾಸಿನಲ್ಲಿರುತ್ತದೆ. ಎರಡು ನಗರಗಳ ಗೋಡೆಗಡಿಯಾರಗಳನ್ನು ನಂಬಿ ಲೆಕ್ಕಹಾಕಿದರೆ ಹೋಗುವಾಗ ಎರಡೂಕಾಲು ಗಂಟೆಯೂ ಬರುವಾಗ ಕೇವಲ ಕಾಲು ಗಂಟೆಯೂ ಕಳೆದಂತೆ ಕಾಣುತ್ತದೆ. ಬ್ರಿಟಿಷ್ ಏರ್‌ವೇಸ್ ಮತ್ತು ಏರ್ ಫ್ರಾನ್ಸ್ ಸಂಸ್ಥೆಗಳು ಸೇವೆ ನಡೆಸುವ ಈ ಹ್ರಸ್ವ ಮಾರ್ಗವು ಅಂತರರಾಷ್ಟ್ರೀಯ ವಿಮಾನಯಾನದ ಅತ್ಯಂತ ಹಳೆಯ ಮಾರ್ಗಗಳಲ್ಲೊಂದರ ಇಂದಿನ ರೂಪವಾಗಿದ್ದು, ವಾಯುದೂರವನ್ನು ಅಳೆಯುವ ಬಗೆಗಳನ್ನೂ ಹಾರಾಟದ ಅವಧಿಯನ್ನು ನಿರ್ಧರಿಸುವ ಕಾರಣಗಳನ್ನೂ ಅರಿಯಲು ಉತ್ತಮ ನಿದರ್ಶನವಾಗಿದೆ.

ದೂರದ ನಿರ್ಣಯ

ಭೂಮಿಯು ದುಂಡಗಿರುವುದರಿಂದ ಅದರ ಮೇಲ್ಮೈಯ ಎರಡು ಸ್ಥಳಗಳ ನಡುವಣ ಕನಿಷ್ಠ ದೂರವನ್ನು ಮಹಾವೃತ್ತದ ಕಂಸವಾಗಿ ಅಳೆಯಲಾಗುತ್ತದೆ. ಭೂಕೇಂದ್ರದ ಮೂಲಕ ಹಾಯುವ ಸಮತಲವೊಂದು ಗೋಳವನ್ನು ಸೀಳಿದಾಗ ಮೇಲ್ಮೈಯಲ್ಲಿ ಮೂಡುವ ವೃತ್ತಕ್ಕೆ ಮಹಾವೃತ್ತವೆಂದು ಹೆಸರು. ಭೂಮಧ್ಯರೇಖೆಯೂ ಅಂಥದೊಂದು ವೃತ್ತವೇ. ಹೀಥ್ರೂ ಸುಮಾರು 51.47° ಉತ್ತರ ಅಕ್ಷಾಂಶ ಮತ್ತು 0.45° ಪಶ್ಚಿಮ ರೇಖಾಂಶದಲ್ಲಿಯೂ ಚಾರ್ಲ್ಸ್ ಡಿ ಗಾಲ್ 49.01° ಉತ್ತರ ಅಕ್ಷಾಂಶ ಮತ್ತು 2.55° ಪೂರ್ವ ರೇಖಾಂಶದಲ್ಲಿಯೂ ಇದ್ದು, ಈ ಎರಡು ಬಿಂದುಗಳು ಭೂಕೇಂದ್ರದಲ್ಲಿ ಉಂಟುಮಾಡುವ ಕೋನ ಸುಮಾರು 3.12° ಆಗುತ್ತದೆ. ಭೂಮಿಯ ಸರಾಸರಿ ತ್ರಿಜ್ಯವನ್ನು 6,371 ಕಿಲೊಮೀಟರ್ ಎಂದು ಹಿಡಿದರೆ ಈ ಕೋನಕ್ಕೆ ಸಲ್ಲುವ ಕಂಸದ ಉದ್ದ 347 ಕಿಲೊಮೀಟರ್. ವಿಮಾನಯಾನದಲ್ಲಿ ಬಳಕೆಯಲ್ಲಿರುವ ನಾಟಿಕಲ್ ಮೈಲಿಯು, ಅಂದರೆ 1,852 ಮೀಟರಿನ ಮಾನವು, ಮಹಾವೃತ್ತದ ಒಂದು ಡಿಗ್ರಿಯ 60ನೆಯ ಒಂದು ಭಾಗಕ್ಕೆ ಹೆಚ್ಚುಕಡಿಮೆ ಸಮನಾಗಿರುವುದರಿಂದ, 3.12° ಕೋನವನ್ನು 60ರಿಂದ ಗುಣಿಸಿದರೆ 187 ನಾಟಿಕಲ್ ಮೈಲಿ ಎಂಬ ಉತ್ತರ ನೇರವಾಗಿಯೇ ದೊರೆಯುತ್ತದೆ. ಹೀಥ್ರೂನಿಂದ ನೋಡಿದರೆ ಪ್ಯಾರಿಸ್ಸಿನ ನಿಲ್ದಾಣವು ಉತ್ತರದಿಂದ ಬಲಕ್ಕೆ ಸುಮಾರು 141° ತಿರುಗಿದ ದಿಕ್ಕಿನಲ್ಲಿ, ಅಂದರೆ ಸರಿಸುಮಾರು ಆಗ್ನೇಯದಲ್ಲಿದೆ.

ಭೂಮಿಯು ಪೂರ್ಣ ಗೋಳವಲ್ಲ. ಧ್ರುವಗಳ ಬಳಿ ತುಸು ಚಪ್ಪಟೆಯಾಗಿದ್ದು, ಅದರ ಭೂಮಧ್ಯ ತ್ರಿಜ್ಯವು ಧ್ರುವ ತ್ರಿಜ್ಯಕ್ಕಿಂತ ಸುಮಾರು 21 ಕಿಲೊಮೀಟರ್ ಹೆಚ್ಚಾಗಿದೆ. ಈ ಆಕಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸೂತ್ರಗಳನ್ನು ಬಳಸಿದಾಗ ಪ್ರಸ್ತುತ ದೂರದಲ್ಲಿ ಉಂಟಾಗುವ ವ್ಯತ್ಯಾಸ ಅರ್ಧ ಕಿಲೊಮೀಟರ್ ಮಾತ್ರ. ಅದಕ್ಕಿಂತ ದೊಡ್ಡ ಅನಿಶ್ಚಯವು ಅಳತೆಯ ತುದಿಗಳಲ್ಲಿಯೇ ಅಡಗಿದೆ. ವಿಮಾನ ನಿಲ್ದಾಣದ ಸ್ಥಾನವೆಂದು ಪಟ್ಟಿಗಳಲ್ಲಿ ಕಾಣಿಸುವುದು ‘ನಿಲ್ದಾಣ ನಿರ್ದೇಶ ಬಿಂದು’ ಎಂಬ ಒಂದೇ ಬಿಂದು. ನಿಲ್ದಾಣವಾದರೋ ವಿಶಾಲವಾದ ಪ್ರದೇಶ. ಹೀಥ್ರೂ ಸುಮಾರು 12 ಚದರ ಕಿಲೊಮೀಟರ್ ವಿಸ್ತಾರವಾಗಿದ್ದರೆ ಚಾರ್ಲ್ಸ್ ಡಿ ಗಾಲ್ 32 ಚದರ ಕಿಲೊಮೀಟರಿನಷ್ಟು ಹರಡಿಕೊಂಡಿದೆ. ಆದ್ದರಿಂದ ಯಾವ ರನ್‌ವೇಯಿಂದ ಏರಿ ಯಾವ ರನ್‌ವೇಯಲ್ಲಿ ಇಳಿಯಲಾಯಿತು ಎಂಬುದರ ಮೇಲೆಯೇ ದೂರವು ಹಲವು ಕಿಲೊಮೀಟರುಗಳಷ್ಟು ಬದಲಾಗಬಹುದು.

ಅಳತೆಯ ಇತಿಹಾಸ

ಲಂಡನ್ ಮತ್ತು ಪ್ಯಾರಿಸ್‌ಗಳ ನಡುವಣ ದೂರವನ್ನು ವೈಜ್ಞಾನಿಕವಾಗಿ ಅಳೆಯುವ ಪ್ರಯತ್ನವು ವಿಮಾನಗಳ ಕಾಲಕ್ಕಿಂತ ಬಹಳ ಹಿಂದಿನದು, ಮತ್ತು ಅದು ಆರಂಭವಾದದ್ದು ಇಂದಿನ ಹೀಥ್ರೂ ನಿಲ್ದಾಣದ ಅಂಚಿನಲ್ಲಿಯೇ. ಗ್ರೀನಿಚ್ ಮತ್ತು ಪ್ಯಾರಿಸ್ ವೀಕ್ಷಣಾಲಯಗಳ ಪರಸ್ಪರ ಸ್ಥಾನದ ಬಗ್ಗೆ ಖಗೋಳ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದ್ದುದರಿಂದ, ಫ್ರಾನ್ಸಿನ ಭೂಮಾಪಕ ಸೆಸಾರ್ ಫ್ರಾನ್ಸ್ವಾ ಕ್ಯಾಸಿನಿಯು ಎರಡೂ ವೀಕ್ಷಣಾಲಯಗಳನ್ನು ತ್ರಿಕೋನಗಳ ಸರಣಿಯಿಂದ ಬೆಸೆಯುವ ಸಲಹೆಯನ್ನು 1783ರಲ್ಲಿ ಬ್ರಿಟನ್ನಿನ ಮುಂದಿಟ್ಟನು. ಅದರಂತೆ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ರಾಯ್ 1784ರಲ್ಲಿ ಹೌನ್‌ಸ್ಲೋ ಹೀತ್ ಎಂಬ ಸಮತಟ್ಟಾದ ಬಯಲಿನಲ್ಲಿ 27,404 ಅಡಿ ಉದ್ದದ ಆಧಾರರೇಖೆಯನ್ನು ಅಳೆದನು. ಮರದ ಅಳತೆಗೋಲುಗಳು ತೇವಾಂಶಕ್ಕೆ ಹಿಗ್ಗುತ್ತಿದ್ದುದನ್ನು ಕಂಡು ಗಾಜಿನ ಕೊಳವೆಗಳನ್ನು ಬಳಸಿ ನಡೆಸಿದ ಈ ಅಳತೆಯ ವಾಯವ್ಯ ತುದಿಯನ್ನು ಗುರುತಿಸಲು ನೆಲದಲ್ಲಿ ನೆಟ್ಟ ಫಿರಂಗಿಯು ಹೀಥ್ರೂ ನಿಲ್ದಾಣದ ಉತ್ತರ ಅಂಚಿನ ರಸ್ತೆಯ ಬಳಿ ಇದೆ.

ಆಧಾರರೇಖೆಯ ಉದ್ದವೊಂದು ನಿಖರವಾಗಿ ತಿಳಿದರೆ, ಅದರ ಎರಡು ತುದಿಗಳಿಂದ ದೂರದ ಮೂರನೆಯ ಬಿಂದುವಿನತ್ತ ಕೋನಗಳನ್ನು ಅಳೆದು, ನೆಲದ ಮೇಲೆ ಸರಪಳಿ ಎಳೆಯದೆಯೇ ಉಳಿದ ಭುಜಗಳನ್ನು ಗಣಿತದಿಂದ ಕಂಡುಹಿಡಿಯಬಹುದು; ಹೀಗೆ ಒಂದರ ಪಕ್ಕ ಒಂದಾಗಿ ತ್ರಿಕೋನಗಳನ್ನು ಹೆಣೆಯುವುದೇ ತ್ರಿಕೋನಮಿತೀಯ ಸರ್ವೇಕ್ಷಣೆ. ಜೆಸ್ಸಿ ರಾಮ್ಸ್‌ಡನ್ ನಿರ್ಮಿಸಿದ ಬೃಹತ್ ಥಿಯೊಡೊಲೈಟ್ ಎಂಬ ಕೋನಮಾಪಕದ ನೆರವಿನಿಂದ 1787ರಲ್ಲಿ ಈ ತ್ರಿಕೋನಗಳು ಡೋವರ್ ಬಳಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದವು. ಫ್ರಾನ್ಸಿನ ಕಡೆಯಿಂದ ಸೆಸಾರ್ ಫ್ರಾನ್ಸ್ವಾನ ಮಗನಾದ ಕಿರಿಯ ಕ್ಯಾಸಿನಿ, ಖಗೋಳ ವಿಜ್ಞಾನಿ ಮೆಷೇನ್ ಮತ್ತು ಗಣಿತಜ್ಞ ಲೆಜಾಂಡ್ರ ಭಾಗವಹಿಸಿದ್ದರು. ಇದೇ ವಿಧಾನವನ್ನು ಭಾರತಕ್ಕೆ ತಂದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು, ಮುಂದೆ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯಾಗಿ ಬೆಳೆದ ಕಾರ್ಯಕ್ಕೆ ಪೀಠಿಕೆ ಹಾಕಿದನು.

ಲೆಕ್ಕದ ದೂರ ಮತ್ತು ಹಾರಿದ ದೂರ

ವಿಮಾನವು ಮಹಾವೃತ್ತದ ಮೇಲೆಯೇ ಹಾರುವುದು ಅಪರೂಪ. ಏರುವಾಗಲೂ ಇಳಿಯುವಾಗಲೂ ಅದು ಗಾಳಿಗೆ ಎದುರಾಗಿರಬೇಕಾಗುತ್ತದೆ. ಹೀಥ್ರೂನ ಎರಡು ಸಮಾಂತರ ರನ್‌ವೇಗಳು ಪೂರ್ವ–ಪಶ್ಚಿಮವಾಗಿ ಚಾಚಿವೆ. ಅಲ್ಲಿ ವರ್ಷದ ಬಹುಭಾಗ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಹೀಗಾಗಿ ಆಗ್ನೇಯದ ಪ್ಯಾರಿಸ್ಸಿಗೆ ಹೊರಟ ವಿಮಾನವು ಹೆಚ್ಚಿನ ದಿನಗಳಲ್ಲಿ ಮೊದಲು ಪಶ್ಚಿಮಕ್ಕೆ ಏರಿ, ನಂತರ ಎಡಕ್ಕೆ ತಿರುಗಿ, ನಿಗದಿತ ನಿರ್ಗಮನ ಪಥವನ್ನು ಹಿಡಿದು ಇಂಗ್ಲೆಂಡಿನ ದಕ್ಷಿಣ ಕರಾವಳಿಯನ್ನು ತಲಪುತ್ತದೆ. ಚಾರ್ಲ್ಸ್ ಡಿ ಗಾಲ್ ನಿಲ್ದಾಣದ ನಾಲ್ಕು ರನ್‌ವೇಗಳೂ ಪೂರ್ವ–ಪಶ್ಚಿಮವಾಗಿಯೇ ಇರುವುದರಿಂದ, ಪಶ್ಚಿಮದ ಗಾಳಿಯಿರುವ ದಿನ ವಾಯವ್ಯದಿಂದ ಬಂದ ವಿಮಾನವು ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ, ಅಲ್ಲಿಂದ ಹಿಂತಿರುಗಿ ಇಳಿಯಬೇಕಾಗುತ್ತದೆ. ದೀರ್ಘ ಮಾರ್ಗಗಳಲ್ಲಿ ಗಣನೆಗೆ ಬಾರದ ಈ ತಿರುವುಗಳು 347 ಕಿಲೊಮೀಟರಿನ ಮಾರ್ಗದಲ್ಲಿ ಗಣನೀಯ ಪಾಲನ್ನು ಪಡೆಯುತ್ತವೆ.

ಈ ಹೆಚ್ಚುವರಿ ದೂರವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವ ಬಗೆಯು ಸಂದರ್ಭಕ್ಕೆ ತಕ್ಕಂತೆ ಬೇರೆಯಾಗುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ಇಂಗಾಲ ಲೆಕ್ಕದ ಪದ್ಧತಿಯಲ್ಲಿ 550 ಕಿಲೊಮೀಟರಿಗಿಂತ ಕಡಿಮೆ ಇರುವ ಮಾರ್ಗಗಳಿಗೆ 50 ಕಿಲೊಮೀಟರನ್ನು ಕೂಡಿಸಲಾಗುತ್ತದೆ. ಆಗ ಪ್ರಸ್ತುತ ಮಾರ್ಗದ ಉದ್ದ 397 ಕಿಲೊಮೀಟರ್ ಆಗುತ್ತದೆ. ಯುರೋಪಿಯನ್ ಒಕ್ಕೂಟದ ಹೊರಸೂಸುವಿಕೆ ವಹಿವಾಟು ವ್ಯವಸ್ಥೆಯು ಟನ್–ಕಿಲೊಮೀಟರ್ ಲೆಕ್ಕಕ್ಕಾಗಿ ಮಾರ್ಗದ ಉದ್ದ ಎಷ್ಟೇ ಇರಲಿ 95 ಕಿಲೊಮೀಟರನ್ನು ಸೇರಿಸುವ ಕ್ರಮವನ್ನು ಅನುಸರಿಸಿದೆ. ಅದರಂತೆ ಇದೇ ದೂರ 442 ಕಿಲೊಮೀಟರ್. ಪ್ರಯಾಣಿಕರ ಹಕ್ಕುಗಳ ಕಾನೂನು ಮಾತ್ರ ಹಾರಿದ ದೂರವನ್ನು ಕಡೆಗಣಿಸಿ ಮಹಾವೃತ್ತದ ಅಳತೆಯನ್ನೇ ಮಾನ್ಯಮಾಡುತ್ತದೆ. ವಿಮಾನದ ವಿಳಂಬ ಮತ್ತು ರದ್ದತಿಗೆ ಪರಿಹಾರ ನಿಗದಿಪಡಿಸುವ ಯುರೋಪಿಯನ್ ಒಕ್ಕೂಟದ 2004ರ ನಿಯಮಾವಳಿ 261ರ ಪ್ರಕಾರ 1,500 ಕಿಲೊಮೀಟರಿನವರೆಗಿನ ಹಾರಾಟಗಳಿಗೆ ಪರಿಹಾರದ ಮೊತ್ತ 250 ಯೂರೊ. ಪ್ರಯಾಣಿಕರು ನಡುವೆ ವಿಮಾನ ಬದಲಿಸಿ ಸುತ್ತುಹಾದಿಯಲ್ಲಿ ಹೋದರೂ ಮೊದಲ ಮತ್ತು ಕೊನೆಯ ನಿಲ್ದಾಣಗಳ ನಡುವಣ ನೇರ ದೂರವನ್ನೇ ಹಿಡಿಯಬೇಕೆಂದು ಯುರೋಪಿಯನ್ ನ್ಯಾಯಾಲಯವು 2017ರಲ್ಲಿ ತೀರ್ಪಿತ್ತಿದೆ.

ಅವಧಿಯ ಘಟಕಗಳು

ವೇಳಾಪಟ್ಟಿಯಲ್ಲಿ ಕಾಣುವ ಅವಧಿಗೆ ವಿಮಾನಯಾನದ ಪರಿಭಾಷೆಯಲ್ಲಿ ಬ್ಲಾಕ್ ಅವಧಿ ಎಂದು ಹೆಸರು. ವಿಮಾನವು ನಿಲುಗಡೆಯ ಸ್ಥಳದಿಂದ ಕದಲಿದ ಕ್ಷಣದಿಂದ ಗಮ್ಯದ ನಿಲುಗಡೆಯಲ್ಲಿ ನಿಂತ ಕ್ಷಣದವರೆಗಿನ ಕಾಲವೆಲ್ಲ ಇದರಲ್ಲಿ ಸೇರುತ್ತದೆ: ಹಿಂದಕ್ಕೆ ತಳ್ಳಿಸಿಕೊಂಡು ಎಂಜಿನ್ ಚಾಲೂ ಮಾಡುವುದು, ಟ್ಯಾಕ್ಸಿವೇಗಳ ಮೇಲೆ ಸಾಗಿ ರನ್‌ವೇಯ ಸರದಿಗೆ ಕಾಯುವುದು, ಹಾರಾಟ, ಇಳಿದ ಮೇಲೆ ಮತ್ತೆ ನೆಲದ ಮೇಲಿನ ಸಂಚಾರ. ಪರಿಹಾರದ ಕಾನೂನಿಗೆ ಈ ಗಡಿಯೂ ಸಾಲದೆ ಹೋದುದರಿಂದ, ಆಗಮನದ ಸಮಯವೆಂದರೆ ವಿಮಾನದ ಒಂದು ಬಾಗಿಲಾದರೂ ತೆರೆದು ಪ್ರಯಾಣಿಕರು ಇಳಿಯಲು ಅನುಮತಿ ದೊರೆತ ಕ್ಷಣವೆಂದು ಅದೇ ನ್ಯಾಯಾಲಯವು 2014ರಲ್ಲಿ ಸ್ಪಷ್ಟಪಡಿಸಿತು.

ಈ ಮಾರ್ಗದಲ್ಲಿ ಸಾಮಾನ್ಯವಾದ ಏರ್‌ಬಸ್ ಎ320 ವರ್ಗದ ವಿಮಾನಗಳು ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿಲೊಮೀಟರ್ ವೇಗದಲ್ಲಿ ಹಾರಬಲ್ಲವು. ಆ ವೇಗವನ್ನೇ ಆಧಾರವಾಗಿಟ್ಟರೆ 347 ಕಿಲೊಮೀಟರ್ ದಾಟಲು 25 ನಿಮಿಷ ಸಾಕು. ಆದರೆ 10,000 ಅಡಿಗಿಂತ ಕೆಳಗೆ ವೇಗವನ್ನು ಸಾಮಾನ್ಯವಾಗಿ 250 ನಾಟ್‌ಗೆ, ಅಂದರೆ ಗಂಟೆಗೆ ಸುಮಾರು 463 ಕಿಲೊಮೀಟರಿಗೆ ಮಿತಿಗೊಳಿಸಲಾಗುತ್ತದೆ. ವಿಮಾನವು ಪೂರ್ಣ ಎತ್ತರಕ್ಕೆ ಏರಿ ಸ್ಥಿರವೇಗ ಪಡೆಯುವಷ್ಟರಲ್ಲಿ ಇಳಿಯುವ ಸಿದ್ಧತೆ ಆರಂಭವಾಗಬೇಕಾಗುತ್ತದೆ. ಹೀಗೆ ಆಕಾಶದ ಕಾಲ 50 ನಿಮಿಷವೆಂದು ಇಟ್ಟುಕೊಂಡರೆ ಸರಾಸರಿ ವೇಗ ಗಂಟೆಗೆ 416 ಕಿಲೊಮೀಟರಿಗೂ, ಬ್ಲಾಕ್ ಅವಧಿ 75 ನಿಮಿಷವೆಂದರೆ 278 ಕಿಲೊಮೀಟರಿಗೂ ಇಳಿಯುತ್ತದೆ.

ಗಾಳಿಯ ಪ್ರಭಾವವು ಇಲ್ಲಿ ಜನ ಭಾವಿಸುವುದಕ್ಕಿಂತ ಕಡಿಮೆ. ಪಶ್ಚಿಮದಿಂದ ಗಂಟೆಗೆ 100 ಕಿಲೊಮೀಟರ್ ವೇಗದ ಗಾಳಿ ಬೀಸುತ್ತಿದ್ದರೆ, ಆಗ್ನೇಯಕ್ಕೆ ಸಾಗುವ ವಿಮಾನಕ್ಕೆ ಅದರಿಂದ ದೊರೆಯುವ ನೇರ ನೆರವು ಸುಮಾರು 62 ಕಿಲೊಮೀಟರ್ ಮಾತ್ರ. ಉಳಿದ ಅಂಶ ವಿಮಾನವನ್ನು ಪಕ್ಕಕ್ಕೆ ತಳ್ಳುತ್ತದೆ. ಗಾಳಿಯಿಲ್ಲದಾಗ ಗಂಟೆಗೆ 750 ಕಿಲೊಮೀಟರ್ ಹಾರುವ ವಿಮಾನವು ಇಡೀ ಮಾರ್ಗವನ್ನು ಅದೇ ವೇಗದಲ್ಲಿ ಕ್ರಮಿಸಿತೆಂದು ಊಹಿಸಿದರೂ, ಅಂಥ ಗಾಳಿಯಲ್ಲಿ ಹೋಗುವಾಗಿನ ಮತ್ತು ಬರುವಾಗಿನ ಅವಧಿಗಳ ಅಂತರ ಐದು ನಿಮಿಷವನ್ನು ಮುಟ್ಟುವುದಿಲ್ಲ. ಅಟ್ಲಾಂಟಿಕ್ ದಾಟುವ ಹಾರಾಟಗಳಲ್ಲಿ ಹೋಗುಬರುವ ಅವಧಿಗಳು ಸುಮಾರು ಒಂದು ಗಂಟೆಯಷ್ಟು ಭಿನ್ನವಾಗುವುದಕ್ಕೆ ಹೋಲಿಸಿದರೆ ಇದು ಅಲ್ಪ.

ಅವಧಿಯನ್ನು ನಿಜವಾಗಿ ಹಿಗ್ಗಿಸುವುದು ಸರದಿ. ಹೀಥ್ರೂನಲ್ಲಿ ವರ್ಷಕ್ಕೆ 4,80,000 ಏರಿಳಿತಗಳ ಮಿತಿಯಿದ್ದು, ಎರಡೇ ರನ್‌ವೇಗಳು ಆ ಮಿತಿಯ ಸಮೀಪದಲ್ಲಿಯೇ ದುಡಿಯುತ್ತವೆ. ಇಳಿಯಲು ಬರುವ ವಿಮಾನಗಳು ಬೋವಿಂಗ್‌ಡನ್, ಲ್ಯಾಂಬೋರ್ನ್, ಆಕಮ್ ಮತ್ತು ಬಿಗ್ಗಿನ್ ಎಂಬ ನಾಲ್ಕು ಕಾಯುವ ತಾಣಗಳಲ್ಲಿ ಸಾವಿರ ಸಾವಿರ ಅಡಿಗಳ ಅಂತರದಲ್ಲಿ ಒಂದರ ಮೇಲೊಂದು ಸುತ್ತುತ್ತ ತಮ್ಮ ಸರದಿಗೆ ಕಾಯುತ್ತವೆ. ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ ಬೇಕು. ಹೊರಡುವ ಮುನ್ನವೇ ನೆಲದ ಮೇಲೆ ತಡೆದು ನಿಲ್ಲಿಸುವ ಕ್ರಮವೂ ಇದೆ: ಮುಂದಿನ ವಾಯುಪ್ರದೇಶ ಅಥವಾ ಗಮ್ಯ ನಿಲ್ದಾಣ ದಟ್ಟವಾಗಿದ್ದರೆ ಯುರೋಕಂಟ್ರೋಲ್ ಸಂಸ್ಥೆಯ ಜಾಲ ನಿರ್ವಹಣಾ ಕೇಂದ್ರವು ವಿಮಾನಕ್ಕೆ ಏರುವ ಸಮಯವನ್ನು ನಿಗದಿಪಡಿಸುತ್ತದೆ, ಮತ್ತು ಆ ಸಮಯಕ್ಕೆ ಐದು ನಿಮಿಷ ಮೊದಲಿನಿಂದ ಹತ್ತು ನಿಮಿಷ ನಂತರದವರೆಗಿನ ಕಿಂಡಿಯೊಳಗೆ ಅದು ಏರಬೇಕಾಗುತ್ತದೆ. ಇಂಥ ತಡೆಗಳನ್ನು ಮುಂಗಂಡು ವಿಮಾನಯಾನ ಸಂಸ್ಥೆಗಳು ವೇಳಾಪಟ್ಟಿಯಲ್ಲಿಯೇ ಕೆಲವು ನಿಮಿಷಗಳನ್ನು ಹೆಚ್ಚಾಗಿ ಇಟ್ಟಿರುತ್ತವೆ. ತಡೆಯೊಂದೂ ಎದುರಾಗದ ದಿನ ವಿಮಾನವು ನಿಗದಿತ ಸಮಯಕ್ಕಿಂತ ಮುಂಚೆಯೇ ತಲಪುವುದು ಈ ಕಾರಣದಿಂದ.

ಗಡಿಯಾರದ ವ್ಯತ್ಯಾಸ

ಎರಡು ನಿಲ್ದಾಣಗಳ ರೇಖಾಂಶಗಳ ಅಂತರ ಸುಮಾರು 3°. ಭೂಮಿಯು ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ತೆಗೆದುಕೊಳ್ಳುವುದರಿಂದ, ಸೂರ್ಯನ ಪ್ರಕಾರ ಪ್ಯಾರಿಸ್ಸಿನ ನಿಲ್ದಾಣದಲ್ಲಿ ಮಧ್ಯಾಹ್ನವು ಹೀಥ್ರೂಗಿಂತ 12 ನಿಮಿಷ ಮಾತ್ರ ಮುಂಚೆ ಆಗುತ್ತದೆ. ಗಡಿಯಾರಗಳು ತೋರಿಸುವ ಒಂದು ಗಂಟೆಯ ಅಂತರಕ್ಕೆ ಕಾರಣವನ್ನು ರಾಜಕೀಯ ಇತಿಹಾಸದಲ್ಲಿ ಹುಡುಕಬೇಕು. ಫ್ರಾನ್ಸ್ 1911ರ ಕಾನೂನಿನಲ್ಲಿ ತನ್ನ ಅಧಿಕೃತ ವೇಳೆಯನ್ನು ‘9 ನಿಮಿಷ 21 ಸೆಕೆಂಡು ಹಿಂದಿರುವ ಪ್ಯಾರಿಸ್ ವೇಳೆ’ ಎಂದು ನಿರೂಪಿಸಿ, ಗ್ರೀನಿಚ್‌ನ ಹೆಸರೆತ್ತದೆ ಗ್ರೀನಿಚ್ ವೇಳೆಯನ್ನೇ ಒಪ್ಪಿಕೊಂಡಿತ್ತು. 1940ರಲ್ಲಿ ಜರ್ಮನಿಯ ಸೇನೆ ಪ್ಯಾರಿಸ್ಸನ್ನು ಆಕ್ರಮಿಸಿದಾಗ ಬರ್ಲಿನ್ನಿನ ವೇಳೆ ಜಾರಿಗೆ ಬಂದಿತು. ಯುದ್ಧಾನಂತರವೂ ದೇಶವು ಗ್ರೀನಿಚ್‌ಗಿಂತ ಒಂದು ಗಂಟೆ ಮುಂದಿನ ವೇಳೆಯಲ್ಲಿಯೇ ನೆಲೆನಿಂತಿತು. ಬ್ರಿಟನ್ 1968ರಿಂದ 1971ರವರೆಗೆ ವರ್ಷವಿಡೀ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ನೋಡಿದ ಪ್ರಯೋಗದ ಕಾಲದಲ್ಲಿ ಎರಡೂ ರಾಜಧಾನಿಗಳ ಗಡಿಯಾರಗಳು ಒಂದಾಗಿದ್ದವು. ಈಗ ಎರಡೂ ದೇಶಗಳು ಬೇಸಿಗೆ ವೇಳೆಗೆ ಏಕಕಾಲದಲ್ಲಿ ಬದಲಾಗುವುದರಿಂದ ಅಂತರವು ವರ್ಷವಿಡೀ ಒಂದು ಗಂಟೆಯಾಗಿಯೇ ಉಳಿಯುತ್ತದೆ. ಹೀಥ್ರೂನಿಂದ ಬೆಳಿಗ್ಗೆ 10 ಗಂಟೆಗೆ ಹೊರಟ ವಿಮಾನ ಪ್ಯಾರಿಸ್ಸಿನ ಗಡಿಯಾರದಲ್ಲಿ 12.15ಕ್ಕೆ ಸೇರಿದರೆ, ಪ್ಯಾರಿಸ್ಸಿನಿಂದ 10 ಗಂಟೆಗೆ ಹೊರಟದ್ದು ಲಂಡನ್ನಿನ ಗಡಿಯಾರದಲ್ಲಿ 10.15ಕ್ಕೆ ಸೇರುತ್ತದೆ.

ಮಾರ್ಗದ ಬೆಳವಣಿಗೆ

ಲಂಡನ್–ಪ್ಯಾರಿಸ್ ನಡುವೆ ದಿನನಿತ್ಯದ ನಿಯತ ವಿಮಾನ ಸೇವೆಯು 1919ರ ಆಗಸ್ಟ್ 25ರಂದು ಆರಂಭವಾಯಿತು. ಏರ್‌ಕ್ರಾಫ್ಟ್ ಟ್ರಾನ್ಸ್‌ಪೋರ್ಟ್ ಅಂಡ್ ಟ್ರಾವೆಲ್ ಸಂಸ್ಥೆಯ ಡಿ ಹ್ಯಾವಿಲ್ಯಾಂಡ್ ಡಿಎಚ್4ಎ ವಿಮಾನವು, ರಾಯ್ ಆಧಾರರೇಖೆಯನ್ನು ಅಳೆದ ಅದೇ ಹೌನ್‌ಸ್ಲೋ ಹೀತ್ ಬಯಲಿನಿಂದ ಹೊರಟು, ಸುಮಾರು ಎರಡೂವರೆ ಗಂಟೆಗಳಲ್ಲಿ ಪ್ಯಾರಿಸ್ಸಿನ ಲ ಬೂರ್ಜೆ ನಿಲ್ದಾಣವನ್ನು ತಲಪಿತು. 1920ರಿಂದ ಲಂಡನ್ನಿನ ನಿಲ್ದಾಣವು ನಗರದ ದಕ್ಷಿಣದ ಕ್ರಾಯ್ಡನ್‌ಗೆ ವರ್ಗವಾಯಿತು. ರೇಡಿಯೊ ಮಾರ್ಗದರ್ಶನ ಇನ್ನೂ ಅಭಿವೃದ್ಧಿ ಹೊಂದಿರದ ಆ ಕಾಲದಲ್ಲಿ ಪೈಲಟ್‌ಗಳು ರೈಲುಹಳಿ ಮತ್ತು ರಸ್ತೆಗಳನ್ನು ನೋಡಿಕೊಂಡು ಹಾರುತ್ತಿದ್ದುದರಿಂದ ಎರಡೂ ದಿಕ್ಕಿನ ವಿಮಾನಗಳು ಒಂದೇ ಗೆರೆಯ ಮೇಲೆ ಎದುರಾಗುವ ಅಪಾಯವಿತ್ತು. 1922ರ ಏಪ್ರಿಲ್ 7ರಂದು ಉತ್ತರ ಫ್ರಾನ್ಸಿನ ಪಿಕಾರ್ಡಿ ಪ್ರದೇಶದ ಮೇಲೆ ಮಂಜು ಕವಿದಿದ್ದಾಗ ಬ್ರಿಟಿಷ್ ಮತ್ತು ಫ್ರೆಂಚ್ ವಿಮಾನಗಳೆರಡು ಡಿಕ್ಕಿ ಹೊಡೆದು ಏಳು ಮಂದಿ ಮೃತಪಟ್ಟರು. ಪ್ರಯಾಣಿಕ ವಿಮಾನಗಳ ನಡುವೆ ಆಕಾಶದಲ್ಲಿ ಸಂಭವಿಸಿದ ಮೊದಲ ಡಿಕ್ಕಿ ಇದೆಂದು ಪರಿಗಣಿತವಾಗಿದ್ದು, ನಿಯತ ಪಥಗಳು ಮತ್ತು ಬಲಬದಿಯ ಸಂಚಾರದ ನಿಯಮಗಳಿಗೆ ಇದು ಪ್ರೇರಣೆಯಾಯಿತು. ನೇರ ಮಾರ್ಗದ ಬದಲು ನಿಗದಿತ ಮಾರ್ಗದಲ್ಲಿ ಹಾರುವ ರೂಢಿಯ ಮೂಲವು ಹೀಗೆ ಸುರಕ್ಷತೆಯಲ್ಲಿದೆ.

1931ರಲ್ಲಿ ಇಂಪೀರಿಯಲ್ ಏರ್‌ವೇಸ್ ಬಳಕೆಗೆ ತಂದ ಹ್ಯಾಂಡ್ಲಿ ಪೇಜ್ ಎಚ್‌ಪಿ42 ವಿಮಾನಗಳು ವಿಶಾಲವೂ ಸುಖಕರವೂ ಆಗಿದ್ದರೂ ಗಂಟೆಗೆ ಸುಮಾರು 160 ಕಿಲೊಮೀಟರ್ ಮಾತ್ರ ಹಾರುತ್ತಿದ್ದುದರಿಂದ ಪ್ರಯಾಣದ ಅವಧಿ ಎರಡು ಗಂಟೆಗಿಂತ ಕೆಳಗಿಳಿಯಲಿಲ್ಲ. ನಿರ್ಣಾಯಕ ಬದಲಾವಣೆ ಬಂದದ್ದು 1950ರ ಜುಲೈ 29ರಂದು: ಟರ್ಬೈನ್ ಎಂಜಿನ್ನಿನಿಂದ ಪ್ರೊಪೆಲರ್ ತಿರುಗಿಸುವ ವಿಕರ್ಸ್ ವೈಕೌಂಟ್ ವಿಮಾನವು ಲಂಡನ್ನಿನ ನಾರ್ತೋಲ್ಟ್‌ನಿಂದ ಲ ಬೂರ್ಜೆಗೆ ಪ್ರಯಾಣಿಕರನ್ನು ಸುಮಾರು ಒಂದು ಗಂಟೆಯಲ್ಲಿ ಒಯ್ದು, ಜಗತ್ತಿನ ಮೊದಲ ಟರ್ಬೈನ್ ಚಾಲಿತ ನಿಯತ ಪ್ರಯಾಣಿಕ ಸೇವೆಯೆನಿಸಿತು. ಅನಂತರ ಬಂದ ಜೆಟ್ ವಿಮಾನಗಳು ಅದಕ್ಕಿಂತ ಬಹಳ ವೇಗವುಳ್ಳವಾದರೂ ಹಾರಾಟದ ಅವಧಿಯಿಂದ ಕೆಲವೇ ನಿಮಿಷಗಳನ್ನು ಕಡಿಮೆ ಮಾಡಬಲ್ಲವಾದವು. ಇದೇ ಅವಧಿಯಲ್ಲಿ ನಿಲ್ದಾಣಗಳೂ ಪರಸ್ಪರ ದೂರ ಸರಿದವು. ಕ್ರಾಯ್ಡನ್ ಮತ್ತು ಲ ಬೂರ್ಜೆ ನಡುವಣ ನೇರ ದೂರ ಸುಮಾರು 322 ಕಿಲೊಮೀಟರ್ ಇದ್ದರೆ, 1946ರಲ್ಲಿ ನಾಗರಿಕ ಸೇವೆಗೆ ತೆರೆದ ಹೀಥ್ರೂ ಲಂಡನ್ನಿನ ಪಶ್ಚಿಮಕ್ಕೂ 1974ರಲ್ಲಿ ತೆರೆದ ಚಾರ್ಲ್ಸ್ ಡಿ ಗಾಲ್ ಪ್ಯಾರಿಸ್ಸಿನ ಈಶಾನ್ಯಕ್ಕೂ ಇರುವುದರಿಂದ ಮಾರ್ಗವು 25 ಕಿಲೊಮೀಟರಿನಷ್ಟು ಉದ್ದವಾಯಿತು.

ರೈಲು ಸಂಚಾರದೊಡನೆ ಹೋಲಿಕೆ

1994ರಲ್ಲಿ ಕಡಲ್ಗಾಲುವೆಯ ತಳದಲ್ಲಿ ಸುಮಾರು 50 ಕಿಲೊಮೀಟರ್ ಉದ್ದದ ಸುರಂಗವು ತೆರೆದು ಯೂರೋಸ್ಟಾರ್ ರೈಲು ಸೇವೆ ಆರಂಭವಾದಾಗ, ಎರಡು ನಗರಗಳ ನಡುವಣ ಪ್ರಯಾಣವನ್ನು ಅಳೆಯುವ ಮಾನವೇ ಬದಲಾಯಿತು. 2007ರಲ್ಲಿ ಇಂಗ್ಲೆಂಡಿನ ಅತಿವೇಗದ ಹಳಿಯು ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದವರೆಗೆ ಪೂರ್ಣಗೊಂಡ ಮೇಲೆ ರೈಲು 492 ಕಿಲೊಮೀಟರಿನ ಹಾದಿಯನ್ನು ಸುಮಾರು ಎರಡೂಕಾಲು ಗಂಟೆಯಲ್ಲಿ ಮುಗಿಸುತ್ತದೆ. ವಾಯುದೂರಕ್ಕಿಂತ 145 ಕಿಲೊಮೀಟರ್ ಉದ್ದವಾದ ಈ ಹಾದಿಯು ನಗರದ ನಡುವಿನಿಂದ ಹೊರಟು ನಗರದ ನಡುವಿಗೇ ಸೇರುತ್ತದೆ, ಮತ್ತು ಎರಡೂ ದೇಶಗಳ ಗಡಿ ತಪಾಸಣೆ ಹೊರಡುವ ನಿಲ್ದಾಣದಲ್ಲಿಯೇ ಮುಗಿಯುತ್ತದೆ. ವಿಮಾನದ ಪ್ರಯಾಣಿಕರಿಗಾದರೋ ನಗರದಿಂದ ಹೀಥ್ರೂಗೆ ಹೋಗುವ ಕಾಲ, ಭದ್ರತಾ ತಪಾಸಣೆಗಾಗಿ ಮುಂಚೆ ಹಾಜರಾಗುವ ಕಾಲ, ಬ್ಲಾಕ್ ಅವಧಿ, ಬ್ರಿಟನ್ ಷೆಂಗೆನ್ ವಲಯದಲ್ಲಿ ಇಲ್ಲದ್ದರಿಂದ ಇಳಿದ ಮೇಲೆ ಆಗುವ ಪಾಸ್‌ಪೋರ್ಟ್ ತಪಾಸಣೆಯ ಕಾಲ, ಮತ್ತೆ ಸುಮಾರು 25 ಕಿಲೊಮೀಟರ್ ಸಾಗಿ ಪ್ಯಾರಿಸ್ಸಿನ ನಡುವನ್ನು ಸೇರುವ ಕಾಲ ಇವೆಲ್ಲವನ್ನೂ ಕೂಡಿಸಿದರೆ ನಾಲ್ಕು ಗಂಟೆಯ ಹತ್ತಿರ ಆಗುತ್ತದೆ. ಇದರ ಫಲವಾಗಿ ನಗರದಿಂದ ನಗರಕ್ಕೆ ಹೋಗುವವರಲ್ಲಿ ಬಹುಪಾಲು ಜನ ರೈಲಿನತ್ತ ತಿರುಗಿದ್ದು, ಬೇರೆ ಖಂಡಗಳಿಂದ ಬಂದು ವಿಮಾನ ಬದಲಿಸುವವರಿಗೆ ಈ ವಾಯುಮಾರ್ಗವು ಮುಖ್ಯವಾಗಿ ಉಳಿದಿದೆ. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ಹೋಗಬಹುದಾದೆಡೆ ವಿಮಾನ ಸೇವೆಯನ್ನು ನಿರ್ಬಂಧಿಸುವ, 2023ರಲ್ಲಿ ಜಾರಿಗೆ ಬಂದ ಫ್ರಾನ್ಸಿನ ಕ್ರಮವು ಆಂತರಿಕ ಮಾರ್ಗಗಳಿಗಷ್ಟೇ ಅನ್ವಯಿಸುವುದರಿಂದ ಲಂಡನ್–ಪ್ಯಾರಿಸ್ ಸೇವೆಗೆ ತಗಲುವುದಿಲ್ಲ.

ಅವಧಿಯನ್ನು ತಗ್ಗಿಸುವ ಇತ್ತೀಚಿನ ಪ್ರಯತ್ನಗಳು ವಿಮಾನದ ವೇಗವನ್ನು ಬಿಟ್ಟು ಸರದಿಯ ನಿರ್ವಹಣೆಯತ್ತ ಗಮನ ಹರಿಸಿವೆ. ಹೀಥ್ರೂನಲ್ಲಿ ಸರದಿ ಬೆಳೆಯುತ್ತಿರುವಾಗ 350 ನಾಟಿಕಲ್ ಮೈಲಿಗಳಷ್ಟು ದೂರದಲ್ಲಿರುವ ವಿಮಾನಗಳಿಗೇ ನಿಧಾನಿಸುವಂತೆ ಸೂಚಿಸಿ, ಕಾಯುವ ತಾಣಗಳಲ್ಲಿ ಸುತ್ತುವ ಕಾಲವನ್ನೂ ಇಂಧನವನ್ನೂ ಉಳಿಸುವ ವ್ಯವಸ್ಥೆ 2014ರಿಂದ ರೂಢಿಗೆ ಬಂದಿದೆ. ಪ್ಯಾರಿಸ್ಸಿನಿಂದ ಬರುವ ವಿಮಾನದ ಇಡೀ ಮಾರ್ಗವೇ 187 ನಾಟಿಕಲ್ ಮೈಲಿಯಾಗಿದ್ದು ಆ ಪರಿಧಿಯೊಳಗೇ ಅಡಕವಾಗುವುದರಿಂದ, ದಾರಿಯಲ್ಲಿ ನಿಧಾನಿಸಿ ಸರದಿಯನ್ನು ಹೊಂದಿಸಿಕೊಳ್ಳಲು ಅದಕ್ಕೆ ಅವಕಾಶ ಕಡಿಮೆ. ಇಂಥ ಹ್ರಸ್ವ ಮಾರ್ಗದಲ್ಲಿ ಉಳಿಸಬಹುದಾದ ನಿಮಿಷಗಳು ಹೊರಡುವ ನಿಲ್ದಾಣದ ನೆಲದ ಮೇಲೆ ಮತ್ತು ರನ್‌ವೇಗಳ ಬಳಿಯೇ ಇವೆ.